ಕಯಾಕಿನ ರಡ್ಡರ್: ಇಳಿಸುವುದು ಯಾವಾಗ, ಎತ್ತುವುದು ಯಾವಾಗ?

ಕಯಾಕ್ ಅಂದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ. ರಡ್ಡರ್ ಅಂದರೆ ಅದರ ಹಿಂಭಾಗದಲ್ಲಿ ನೀರಿಗಿಳಿಸುವ, ಕಾಲಿನ ಪೆಡಲ್‌ನಿಂದ ತಿರುಗಿಸುವ ಚುಕ್ಕಾಣಿ. ಕಯಾಕ್ ಕಡಲಿಗಿಳಿದ ಕೂಡಲೇ ರಡ್ಡರನ್ನೂ ಇಳಿಸಿ, ದಡ ಸೇರುವವರೆಗೂ ಕಾಲಲ್ಲೇ ತಿರುಗಿಸುತ್ತಾ ಹೋಗುವವರೇ ಜಾಸ್ತಿ. ಬೆಳಿಗ್ಗೆ ನೀರು ಶಾಂತವಾಗಿರುವಾಗ ಇದು ನಡೆದುಹೋಗುತ್ತದೆ. ಮಧ್ಯಾಹ್ನ ಗಾಳಿ ಎದ್ದ ಮೇಲೆ ಅವರ ಪರದಾಟ ನೋಡಲಾಗದು.

ಮುಂದೆ ಸಾಗುವಾಗ ಕಯಾಕಿನ ಮೂತಿಯನ್ನು ನೀರು ಒತ್ತಿ ಹಿಡಿದಿರುತ್ತದೆ. ಹಿಂಭಾಗಕ್ಕೆ ಆ ಹಿಡಿತ ಇಲ್ಲ. ಅಡ್ಡಗಾಳಿಗೆ ಹಿಂಭಾಗ ಜಾರಿ, ಮೂತಿ ಗಾಳಿ ಬರುವ ಕಡೆಗೆ ತಿರುಗುತ್ತದೆ. ಮಲ್ಪೆಯಿಂದ ಕಾಪು ಕಡೆಗೆ ದಡದುದ್ದಕ್ಕೂ ಹೊರಟಿದ್ದೀರಿ ಎಂದುಕೊಳ್ಳಿ. ವಾಯವ್ಯದ ಗಾಳಿ ಬಲಬೆನ್ನಿಗೆ ಬೀಳುತ್ತದೆ. ಮೂತಿ ಮತ್ತೆ ಮತ್ತೆ ಬಲಕ್ಕೆ, ಅಂದರೆ ತೆರೆದ ಕಡಲಿಗೆ ಹೊರಳುತ್ತದೆ.

ಹಂತ 1: ದಡದಲ್ಲೇ ಪೆಡಲ್ ಹೊಂದಿಸಿಕೊಳ್ಳಿ. ರಡ್ಡರ್ ಮೇಲೆತ್ತಿಯೇ ಅಲೆ ದಾಟಿ.

ಹಂತ 2: ರಡ್ಡರ್ ಮುಟ್ಟದೆ ಕಯಾಕನ್ನು ನೇರ ಮಾಡಿ. ಎಲ್ಲರೂ ಎಡವುವುದು ಇಲ್ಲೇ. ಮೂತಿ ಎಡಕ್ಕೆ ಬರಬೇಕಲ್ವಾ ಅಂತ ಸೈಕಲ್ ತಿರುಗಿಸುವ ಹಾಗೆ ಎಡಕ್ಕೆ ವಾಲುತ್ತಾರೆ. ಮಾಡಬೇಕಾದದ್ದು ತದ್ವಿರುದ್ಧ. ಗಾಳಿ ಬಲದಿಂದ ಬರುತ್ತಿದ್ದರೆ ಬಲ ಸೊಂಟದ ಮೇಲೆ ಭಾರ ಹಾಕಿ. ಎಡ ಮೊಣಕಾಲನ್ನು ಒಳಗಿನಿಂದ ಒತ್ತಿ ಎಡ ಅಂಚನ್ನು ಎರಡು ಬೆರಳಷ್ಟು ಎತ್ತಿ. ಮೈ ವಾಲಬಾರದು, ಮೂಗು ಕಯಾಕಿನ ನಡುಗೆರೆಯ ಮೇಲೇ ಇರಲಿ. ಈಗ ಬಲಗಡೆ ಪಾದದ ಹತ್ತಿರ ಹುಟ್ಟು ಅದ್ದಿ, ಅಗಲವಾಗಿ ಬಳಸಿಕೊಂಡು ಹಿಂಭಾಗದವರೆಗೂ ಎಳೆಯಿರಿ. ಎರಡು ಮೂರು ಸಲ ಎಳೆಯುವಷ್ಟರಲ್ಲಿ ಮೂತಿ ಎಡಕ್ಕೆ ಬರುತ್ತದೆ. ಇದು ಕೈಗೆ ಹತ್ತುವವರೆಗೂ ರಡ್ಡರ್ ಬೇಡವೇ ಬೇಡ. ಪೆಡಲಿನಿಂದ ರಡ್ಡರಿಗೆ ಹೋಗುವ ಉಕ್ಕಿನ ಹಗ್ಗ ಹರಿದ ದಿನ ಕಾಪಾಡುವುದು ಇದೊಂದೇ. ಮೊದಲು ಅಳಿವೆಯ ಒಳಗಿನ ನೀರಿನಲ್ಲಿ, ಲೈಫ್ ಜಾಕೆಟ್ ಹಾಕಿಕೊಂಡು, ಜೊತೆಗೊಬ್ಬರಿದ್ದಾಗ ಕಲಿಯಿರಿ.

ಹಂತ 3: ಗಾಳಿ ಬಿಡದೆ ಒಂದೇ ಕಡೆಯಿಂದ ಬೀಸುತ್ತಿದ್ದರೆ ಈಗ ರಡ್ಡರ್ ಇಳಿಸಿ. ಒಂದೇ ತೋಳು ದಣಿಯುವುದು ತಪ್ಪುತ್ತದೆ. ಎಡ ಪೆಡಲನ್ನು ತುಸು ಒತ್ತಿ, ಅಲ್ಲೇ ನಿಲ್ಲಿಸಿ. ಪ್ರತಿ ಅಲೆಗೂ ಕಾಲಾಡಿಸಿದರೆ ರಡ್ಡರ್ ನೀರಿಗೆ ಅಡ್ಡ ನಿಂತು ವೇಗ ಕುಗ್ಗುತ್ತದೆ.

ಪೆಡಲ್ ಬಗ್ಗೆ ಒಂದು ಮಾತು. ಇಡೀ ಪೆಡಲ್ಲೇ ಹಿಂದೆ ಮುಂದೆ ಜಾರುವ ನಮೂನೆಯದನ್ನು ಕೊಳ್ಳಬೇಡಿ. ಹುಟ್ಟು ಎಳೆಯುವ ಬಲಕ್ಕೆ ಪಾದ ಗಟ್ಟಿಯಾಗಿ ಊರಬೇಕು. ಬುಡ ಅಲುಗದೆ, ಬೆರಳ ತುದಿಯ ಭಾಗ ಮಾತ್ರ ಮಣಿಯುವ ಪೆಡಲ್ ಒಳ್ಳೆಯದು. ಒಬ್ಬರೇ ಕೂರುವ ಕಯಾಕ್ ಆದರೆ ನನ್ನ ಆಯ್ಕೆ ರಡ್ಡರ್ ಅಲ್ಲ, ಸ್ಕೆಗ್. ಅಂದರೆ ತಳದಿಂದ ಇಳಿಯುವ, ಎಡಬಲಕ್ಕೆ ತಿರುಗದ ರೆಕ್ಕೆ. ಆದರೆ ಅದರ ಗೂಡಿನಲ್ಲಿ ಮರಳು ಸಿಕ್ಕಿಕೊಳ್ಳುತ್ತದೆ, ಹೊರಡುವ ಮುನ್ನ ನೋಡಿಕೊಳ್ಳಬೇಕು. ಇಬ್ಬರು ಕೂರುವ ಉದ್ದನೆಯ ಕಯಾಕಿಗೆ ಮಾತ್ರ ರಡ್ಡರ್ ಬೇಕೇ ಬೇಕು.

ಹಂತ 4: ಅಲೆ ಒಡೆಯುವ ಜಾಗ ಮುಟ್ಟುವ ಮೊದಲೇ ರಡ್ಡರ್ ಎತ್ತಿ. ಮರಳಿಗೆ ಬಡಿದರೆ ಬಾಗುತ್ತದೆ, ಯಾರ ಕಾಲಿಗಾದರೂ ತಾಗಿದರೆ ಗಾಯವಾಗುತ್ತದೆ.

ಮನೆಗೆ ಬಂದು ಸಿಹಿನೀರಿನಲ್ಲಿ ತೊಳೆಯಿರಿ. ಉಕ್ಕಿನ ಹಗ್ಗದ ಎಳೆ ಬಿಟ್ಟಿದ್ದರೆ ಆಗಲೇ ಬದಲಿಸಿ. ಸಿಗುತ್ತದಲ್ಲಾ ಅಂತ ಸುಮ್ನೆ ಸೈಕಲ್ ಬ್ರೇಕಿನ ಮಾಮೂಲಿ ಕೇಬಲ್ ಹಾಕಬೇಡಿ, ಉಪ್ಪುನೀರಿಗೆ ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದನ್ನೇ ಹಾಕಿ.