ಕಾಡಿನ ಕಾಲುದಾರಿಯ ಮರುನಿರ್ಮಾಣ: ಮೊದಲು ನೀರಿಗೆ ದಾರಿ, ಆಮೇಲೆ ನಡೆಯುವವರಿಗೆ

ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಾಗಲಿ, ಠಾಣೆಯ ಕಡೆಯಿಂದ ಹತ್ತುವ ಯೇವೂರಿನ ಗುಡ್ಡಗಳಲ್ಲಾಗಲಿ, ಮಳೆ ಹಿಂದೆ ಸರಿದ ಅಕ್ಟೋಬರ್ ತಿಂಗಳಲ್ಲಿ ಹಾಳಾದ ಕಾಲುದಾರಿಯನ್ನು ಗುರುತಿಸುವುದು ಕಷ್ಟವಲ್ಲ. ದಾರಿಯ ನಡುಭಾಗ ತಗ್ಗಿ ಕೊರಕಲಾಗಿರುತ್ತದೆ. ಮೇಲ್ಮಣ್ಣು ಕೊಚ್ಚಿಹೋಗಿ ಮರದ ಬೇರುಗಳೂ ಉರುಟು ಕಲ್ಲುಗಳೂ ಎದ್ದು ಕಾಣುತ್ತವೆ. ಆ ಕಲ್ಲುಗಳ ಮೇಲೆ ಕಾಲಿಡಲು ಹಿಂಜರಿದವರು ಪಕ್ಕದ ಹುಲ್ಲನ್ನು ತುಳಿದು ಎರಡನೆಯ ದಾರಿ ಮಾಡಿರುತ್ತಾರೆ, ಅದೂ ಕೆಟ್ಟ ಮೇಲೆ ಮೂರನೆಯದನ್ನು. ಇದನ್ನು ಕಂಡವರು ಸಾಮಾನ್ಯವಾಗಿ ಜನರ ಓಡಾಟ ಹೆಚ್ಚಾಯಿತೆಂದು ದೂರುತ್ತಾರೆ. ದೂರಿನಲ್ಲಿ ಅರ್ಧ ಸತ್ಯವಿದೆ. ಕಾಲು ಮಣ್ಣನ್ನು ಸಡಿಲಿಸುತ್ತದೆ, ಆದರೆ ಅದನ್ನು ಹೊತ್ತೊಯ್ಯುವುದು ನೀರು. ನೀರನ್ನು ಬೇಗನೆ ಪಕ್ಕಕ್ಕೆ ಬಿಟ್ಟುಕೊಡುವ ದಾರಿ ಸಾವಿರಾರು ಜನ ನಡೆದರೂ ಉಳಿಯುತ್ತದೆ, ನೀರನ್ನು ತನ್ನ ಮೇಲೆಯೇ ಹರಿಸಿಕೊಳ್ಳುವ ದಾರಿ ಯಾರೂ ನಡೆಯದಿದ್ದರೂ ಕೊರೆದುಹೋಗುತ್ತದೆ.

ಮುಂಬಯಿಯ ಮಳೆಯ ಲೆಕ್ಕವನ್ನು ಒಮ್ಮೆ ಹಾಕಿ ನೋಡಿದರೆ ಈ ಮಾತು ಮನದಟ್ಟಾಗುತ್ತದೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ನಾಲ್ಕು ತಿಂಗಳಲ್ಲಿ ಎರಡು ಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ ದಾಖಲಾದದ್ದು 944 ಮಿಲಿಮೀಟರ್. ಅಷ್ಟು ಮಳೆ ಒಂದು ಮೀಟರ್ ಅಗಲ, ನೂರು ಮೀಟರ್ ಉದ್ದದ ಕಾಲುದಾರಿಯ ಮೇಲೆ ಬಿದ್ದರೆ ದಾರಿಯ ಪಾಲಿಗೇ 94,400 ಲೀಟರ್ ನೀರು ಬರುತ್ತದೆ. ಮೇಲಿನ ಗುಡ್ಡದಿಂದ ಇಳಿದುಬರುವುದು ಬೇರೆ. ಅಂಥ ದಿನ ಅಪರೂಪವೆಂದರೂ, ಜುಲೈನ ಸಾಧಾರಣ ಜಡಿಮಳೆಯೊಂದು ಒಂದೇ ರಾತ್ರಿಯಲ್ಲಿ ತಪ್ಪಾಗಿ ಹಾಕಿದ ದಾರಿಯ ಕಥೆ ಮುಗಿಸಬಲ್ಲದು. ಆದ್ದರಿಂದ ಮರುನಿರ್ಮಾಣವೆಂದರೆ ಕೊರಕಲಿಗೆ ಮಣ್ಣು ತುಂಬುವುದಲ್ಲ. ತುಂಬಿದ ಮಣ್ಣು ಮುಂದಿನ ಮಳೆಗೆ ಮೊದಲು ಹೋಗುವ ಮಣ್ಣು.

ಅನುಮತಿ, ಮತ್ತು ದಾರಿ ಯಾರದೆಂಬ ವಿಚಾರ

ಗುದ್ದಲಿ ಹಿಡಿಯುವ ಮೊದಲು ಕಾಗದದ ಕೆಲಸವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 35ನೆಯ ಕಲಮಿನ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ಅರಣ್ಯ ಉತ್ಪನ್ನವನ್ನು ತೆಗೆಯುವುದಕ್ಕೂ, ವನ್ಯಜೀವಿಗಳ ನೆಲೆಗೆ ಧಕ್ಕೆಯಾಗುವ ಕೆಲಸಕ್ಕೂ, ಉದ್ಯಾನದೊಳಕ್ಕೆ ಬರುವ ಅಥವಾ ಹೊರಕ್ಕೆ ಹೋಗುವ ನೀರಿನ ಹರಿವನ್ನು ತಿರುಗಿಸುವುದಕ್ಕೂ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ ಬೇಕು. ಕಾಲುದಾರಿಯ ಕೆಲಸ ಈ ಮೂರನ್ನೂ ಒಂದಲ್ಲ ಒಂದು ಕಡೆ ಮುಟ್ಟುತ್ತದೆ. ಹಾಗಾಗಿ ಕನ್ನಡ ಸಂಘದ ಯುವ ವಿಭಾಗವಿರಲಿ, ವಸತಿ ಸಂಕೀರ್ಣದ ಬೆಳಗಿನ ನಡಿಗೆಯ ಗುಂಪಿರಲಿ, ಅರಣ್ಯ ಇಲಾಖೆ ಕೈಗೊಂಡ ಕಾಮಗಾರಿಯಲ್ಲಿ ಸ್ವಯಂಸೇವಕರಾಗಿ ಸೇರಿಕೊಳ್ಳುವುದೊಂದೇ ಸರಿಯಾದ ಕ್ರಮ. ಭಾನುವಾರ ಹತ್ತು ಜನ ಹೋಗಿ ನಾಲ್ಕು ಮೆಟ್ಟಿಲು ಕಡಿದು ಬರುವುದು ಸೇವೆಯಂತೆ ಕಂಡರೂ ಕಾನೂನಿನ ಕಣ್ಣಿನಲ್ಲಿ ಅಪರಾಧ.

ಇನ್ನೊಂದು ಮಾತು ಅರ್ಜಿಯ ನಮೂನೆಯಲ್ಲಿ ಇರುವುದಿಲ್ಲ. ಸುಮಾರು 104 ಚದರ ಕಿಲೋಮೀಟರ್ ವಿಸ್ತಾರದ ಈ ಉದ್ಯಾನದೊಳಗೆ ವಾರ್ಲಿ ಮೊದಲಾದ ಆದಿವಾಸಿಗಳ ಪಾಡಾಗಳಿವೆ, ಎಂದರೆ ಸಣ್ಣ ಹಾಡಿಗಳಿವೆ. ನಮಗೆ ಅಡ್ಡದಾರಿಯೆಂದು ಕಾಣುವುದು ಅವರ ಮಕ್ಕಳು ಶಾಲೆಗೆ ಹೋಗುವ ದಾರಿಯಾಗಿರಬಹುದು. ಯಾವ ದಾರಿಯನ್ನು ಮುಚ್ಚಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಪಾಡಾದ ಹಿರಿಯರ ಜೊತೆ ನಡೆದು ಕೇಳಿಯೇ ತೀರ್ಮಾನಿಸಬೇಕು. ಯಾವ ಹಳ್ಳ ಯಾವ ವಾರದಲ್ಲಿ ಉಕ್ಕುತ್ತದೆಂಬುದೂ ಅವರಿಗೇ ಚೆನ್ನಾಗಿ ಗೊತ್ತು.

ಮಳೆಯಲ್ಲಿ ನೋಡಿ, ಚಳಿಯಲ್ಲಿ ಅಗೆಯಿರಿ

ಸಮೀಕ್ಷೆಯ ಸರಿಯಾದ ಕಾಲ ಜುಲೈ, ಅದೂ ಮಳೆ ಸುರಿಯುತ್ತಿರುವಾಗ. ನೀರು ದಾರಿಯನ್ನು ಎಲ್ಲಿ ಸೇರುತ್ತದೆ, ಎಷ್ಟು ದೂರ ಅದರಲ್ಲೇ ಓಡುತ್ತದೆ, ಎಲ್ಲಿ ಬಿಟ್ಟುಹೋಗುತ್ತದೆ ಎಂಬ ಮೂರು ಸಂಗತಿಗಳನ್ನು ಸಂಖ್ಯೆ ಬರೆದ ಗೂಟ ನೆಟ್ಟು ಗುರುತಿಸಿಕೊಳ್ಳಬೇಕು. ಬೇಸಿಗೆಯಲ್ಲಿ ಒಣಗಿದ ದಾರಿಯನ್ನು ನೋಡಿ ತಯಾರಿಸಿದ ನಕ್ಷೆ ಎಷ್ಟೇ ಅಂದವಾಗಿದ್ದರೂ ಅದನ್ನು ನಂಬುವಂತಿಲ್ಲ. ಅಗೆತಕ್ಕೆ ಮಾತ್ರ ನವೆಂಬರ್‌ನಿಂದ ಜನವರಿ ಒಳ್ಳೆಯದು. ಆಗ ಮಣ್ಣಿನಲ್ಲಿ ಇನ್ನೂ ತೇವವಿರುತ್ತದೆ. ಮಾರ್ಚ್ ಬಂದರೆ ಹಾರೆಯೂ ಇಳಿಯದು, ದಮ್ಮಸು ಹೊಡೆದರೂ ಮಣ್ಣು ಕಚ್ಚಿಕೊಳ್ಳದೆ ಧೂಳಾಗುತ್ತದೆ. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿದಾಗ ಅದು ಉಂಡೆಗಟ್ಟಬೇಕು, ಬೆರಳ ಸಂದಿನಲ್ಲಿ ನೀರು ಜಿನುಗಬಾರದು. ಆ ಹದದಲ್ಲಿ ಕುಟ್ಟಿದ ನೆಲ ಗಟ್ಟಿಯಾಗುತ್ತದೆ.

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಹೊಸ ದಾರಿಯ ಗೆರೆಯನ್ನು ಹುಡುಕುವುದಕ್ಕೆ. ಹಳೆಯ ದಾರಿಗಳಲ್ಲಿ ಹೆಚ್ಚಿನವು ಗುಡ್ಡವನ್ನು ನೆಟ್ಟಗೆ ಏರುತ್ತವೆ, ಎಂದರೆ ನೀರು ಇಳಿಯುವ ಗೆರೆಯಲ್ಲೇ ಮನುಷ್ಯ ಹತ್ತುತ್ತಾನೆ. ಹೊಸ ಗೆರೆ ಗುಡ್ಡದ ಓರೆಯನ್ನು ಅಡ್ಡಡ್ಡಲಾಗಿ ಬಳಸುತ್ತ ನಿಧಾನವಾಗಿ ಏರಬೇಕು. ಇದಕ್ಕೆ ಎರಡು ನಿಯಮಗಳಿವೆ. ಸರಾಸರಿ ಏರು ನೂರಕ್ಕೆ ಹತ್ತನ್ನು ಮೀರಬಾರದು, ಎಂದರೆ ಹತ್ತು ಮೀಟರ್ ಮುಂದೆ ಹೋದಾಗ ಒಂದು ಮೀಟರಿಗಿಂತ ಹೆಚ್ಚು ಏರಬಾರದು. ಅದರ ಜೊತೆಗೆ, ದಾರಿಯ ಏರು ಆ ಜಾಗದ ಗುಡ್ಡದ ಓರೆಯ ಅರ್ಧಕ್ಕಿಂತ ಕಡಿಮೆ ಇರಬೇಕು. ಗುಡ್ಡವೇ ನೂರಕ್ಕೆ ಹನ್ನೆರಡರಷ್ಟು ಮಾತ್ರ ಓರೆಯಾಗಿದ್ದರೆ ದಾರಿಯ ಏರು ಆರರೊಳಗೆ ಇರತಕ್ಕದ್ದು. ಇಲ್ಲವಾದರೆ ನೀರು ದಾರಿಯನ್ನು ಅಡ್ಡ ದಾಟುವ ಬದಲು ದಾರಿಯುದ್ದಕ್ಕೂ ತಿರುಗಿಕೊಳ್ಳುತ್ತದೆ. ಪೂರ್ತಿ ಸಮತಟ್ಟಾದ ಜಾಗ ಸುಲಭವೆಂದು ತೋರಿದರೂ ಅಲ್ಲಿ ನೀರು ನಿಂತು ಕೆಸರಾಗಿ, ಜನ ಅದನ್ನು ಸುತ್ತುಹಾಕುತ್ತ ದಾರಿಯನ್ನು ಅಗಲ ಮಾಡುತ್ತಲೇ ಹೋಗುತ್ತಾರೆ.

ಓರೆ ಅಳೆಯಲು ಬೆಲೆಬಾಳುವ ಉಪಕರಣ ಬೇಕಿಲ್ಲ. ಗಾರೆ ಕೆಲಸದವರು ಬಳಸುವ ಲೆವೆಲ್ ಪೈಪು ಸಾಕು. ಸೆಂಟಿಮೀಟರ್ ಗುರುತು ಹಾಕಿದ, ಆಳೆತ್ತರಕ್ಕಿಂತ ತುಸು ಹೆಚ್ಚಿನ ಎರಡು ಕೋಲುಗಳನ್ನು ಹತ್ತು ಮೀಟರ್ ಅಂತರದಲ್ಲಿ ನೆಟ್ಟಗೆ ನಿಲ್ಲಿಸಿ, ಪಾರದರ್ಶಕ ಪೈಪಿನ ಎರಡು ತುದಿಗಳನ್ನು ಅವುಗಳಿಗೆ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ; ಕೋಲಿನ ಮೇಲೆ ಓದಿದ ಎರಡು ಅಂಕಿಗಳ ವ್ಯತ್ಯಾಸವೇ ಆ ಹತ್ತು ಮೀಟರಿನ ಏರು. ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಅಳತೆ ಸುಳ್ಳಾಗುತ್ತದೆ, ಆದ್ದರಿಂದ ಎತ್ತರದಲ್ಲಿಟ್ಟ ಬಕೆಟಿನಿಂದ ನಿಧಾನವಾಗಿ ನೀರೆಳೆದು ತುಂಬಬೇಕು. ನೀರಿಗೆ ಬಟ್ಟೆಗೆ ಹಾಕುವ ನೀಲಿ ಒಂದೆರಡು ಹನಿ ಬೆರೆಸಿದರೆ ಮರದ ನೆರಳಿನಲ್ಲೂ ಮಟ್ಟ ಸ್ಪಷ್ಟವಾಗಿ ಕಾಣುತ್ತದೆ.

ಗೆರೆ ಎಳೆಯುವಾಗಲೇ ಒಂದು ಏರಿಳಿತವನ್ನು ಸೇರಿಸಿಕೊಳ್ಳಬೇಕು. ಏರುತ್ತಿರುವ ದಾರಿ ಹದಿನೈದು ಮೀಟರಿಗೊಮ್ಮೆಯಾದರೂ, ನಮ್ಮ ಮಳೆಗೆ ಎಂಟು ಹತ್ತು ಮೀಟರಿಗೊಮ್ಮೆ, ಎರಡು ಮೂರು ಹೆಜ್ಜೆಗಳಷ್ಟು ಇಳಿದು ಮತ್ತೆ ಏರತಕ್ಕದ್ದು. ನಡೆಯುವವರಿಗೆ ಗೊತ್ತೇ ಆಗದ ಆ ತಗ್ಗಿನಲ್ಲಿ ನೀರು ಮುಂದೆ ಓಡಲಾರದೆ ಪಕ್ಕಕ್ಕೆ ಇಳಿದುಬಿಡುತ್ತದೆ. ಅಡಿಕೆ ತೋಟದ ಕಣಿಗಳನ್ನು ಕಂಡ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ: ನೀರನ್ನು ಒಟ್ಟುಗೂಡಲು ಬಿಡದೆ, ಸ್ವಲ್ಪ ಸ್ವಲ್ಪವಾಗಿ, ಹಲವು ಕಡೆ ಹೊರಗೆ ಬಿಡುವುದೇ ಇಲ್ಲಿನ ಉಪಾಯವೂ ಹೌದು. ಇದರ ಬದಲು ದಾರಿಗೆ ಅಡ್ಡಲಾಗಿ ಮರದ ದಿಮ್ಮಿ ಹೂಳುವ ರೂಢಿ ಹಲವೆಡೆ ಇದೆ. ದಿಮ್ಮಿಯ ಹಿಂದೆ ಹೂಳು ತುಂಬಿದೊಡನೆ ನೀರು ಅದನ್ನು ಹಾರಿ ಮುಂದಕ್ಕೆ ಹೋಗುತ್ತದೆ. ಪ್ರತಿ ವಾರ ಹೂಳೆತ್ತುವ ಆಳುಗಳಿಲ್ಲದ ಕಡೆ ಇದನ್ನು ನಾನು ಶಿಫಾರಸು ಮಾಡಲಾರೆ.

ಅಗೆಯುವ ಕ್ರಮ

ಮೊದಲು ತರಗೆಲೆಯನ್ನು ಗುಡಿಸಿ ಒಂದು ಕಡೆ ಕೂಡಿಡಬೇಕು. ಕೊನೆಗೆ ಅದು ಬೇಕಾಗುತ್ತದೆ. ಆಮೇಲೆ ಗುಡ್ಡದ ಓರೆಯನ್ನು ಒಳಗಡೆಗೆ ಕಡಿದು, ನಡೆಯುವ ಪಟ್ಟಿಯ ಪೂರ್ತಿ ಅಗಲವೂ ಅಲುಗಾಡದ ಮೂಲ ನೆಲದ ಮೇಲೆಯೇ ಬರುವಂತೆ ಮಾಡಬೇಕು. ಒಳಗಿನ ಅರ್ಧವನ್ನು ಕಡಿದು ಆ ಮಣ್ಣನ್ನು ಹೊರಗಿನ ಅರ್ಧಕ್ಕೆ ತುಂಬಿದರೆ ಶ್ರಮ ಅರ್ಧವಾಗುತ್ತದೆ ನಿಜ, ಆದರೆ ಹೊರಗಿನ ಅರ್ಧ ಮೊದಲ ಮಳೆಗಾಲದಲ್ಲೇ ಜಾರುತ್ತದೆ. ತೆಗೆದ ಮಣ್ಣನ್ನು ಅಂಚಿನಲ್ಲಿ ರಾಶಿ ಹಾಕದೆ ಕೆಳಗಿನ ಓರೆಯಲ್ಲಿ ದೂರಕ್ಕೆ ಚೆದುರುವಂತೆ ಎರಚಬೇಕು. ಒಳಗಿನ ಬರೆಯನ್ನು, ಎಂದರೆ ಕಡಿದ ಗುಡ್ಡದ ಮುಖವನ್ನು, ಗೋಡೆಯಂತೆ ನೆಟ್ಟಗೆ ಬಿಡದೆ ಹಿಂದಕ್ಕೆ ವಾಲಿಸಿ ಕೆತ್ತಬೇಕು, ಇಲ್ಲದಿದ್ದರೆ ಬರೆ ಕುಸಿದು ದಾರಿಯನ್ನೇ ಮುಚ್ಚುತ್ತದೆ. ಒಂದು ಮೀಟರಿನಿಂದ 1.2 ಮೀಟರಿನಷ್ಟು ಅಗಲ ಧಾರಾಳ ಸಾಕು.

ಪಟ್ಟಿಯ ಮೇಲ್ಮೈ ಹೊರಕ್ಕೆ ಬಾಗಿರಬೇಕು. ಒಂದು ಮೀಟರ್ ಅಗಲಕ್ಕೆ ಐದು ಸೆಂಟಿಮೀಟರ್ ಇಳಿತ. ಇದು ಕಣ್ಣಿಗೆ ಕಾಣುವುದು ಕಷ್ಟವಾದ್ದರಿಂದ ಅಗೆಯುವವರು ತಿಳಿಯದೆ ಸಮತಟ್ಟು ಮಾಡಿಬಿಡುತ್ತಾರೆ. ನಾಲ್ಕಾರು ಹೆಜ್ಜೆಗೊಮ್ಮೆ ಒಂದು ಬಾಟಲಿ ನೀರನ್ನು ಒಳಬದಿಯಲ್ಲಿ ಸುರಿದು, ಅದು ಹೊರಅಂಚನ್ನು ದಾಟುತ್ತದೆಯೇ ಎಂದು ಪರೀಕ್ಷಿಸುವುದು ಉತ್ತಮ.

ಕಡಿದಾದ ಸಣ್ಣ ಭಾಗಗಳನ್ನು ತಪ್ಪಿಸಲು ಆಗದೆ ಹೋದಲ್ಲಿ ಕಲ್ಲು ಬರುತ್ತದೆ. ಈ ಗುಡ್ಡಗಳಲ್ಲಿ ಕಪ್ಪು ಬಸಾಲ್ಟ್ ಕಲ್ಲಿಗೆ ಬರವಿಲ್ಲ, ಆದರೆ ಅದನ್ನು ಎಲ್ಲಿಂದ ಎತ್ತಬಹುದೆಂಬುದನ್ನು ಇಲಾಖೆಯವರೇ ತೋರಿಸಬೇಕು. ಹಳ್ಳದೊಳಗಿನ ಕಲ್ಲನ್ನು ಕೀಳುವುದು ಸಲ್ಲ. ಮೆಟ್ಟಿಲಿನ ಕೆಲಸ ಕೆಳಗಿನಿಂದ ಶುರುವಾಗಬೇಕು; ಮೇಲಿನ ಕಲ್ಲಿನ ಮುಂಭಾಗ ಕೆಳಗಿನ ಕಲ್ಲಿನ ಹಿಂಭಾಗದ ಮೇಲೆ ಕೂತು ಅದನ್ನು ಒತ್ತಿ ಹಿಡಿಯಬೇಕು, ಮತ್ತು ಪ್ರತಿ ಕಲ್ಲಿನ ಹೆಚ್ಚಿನ ಪಾಲು ನೆಲದೊಳಗಿರಬೇಕು. ಎತ್ತರ ಒಂದು ಗೇಣಿಗಿಂತ ಕಡಿಮೆಯಿದ್ದರೆ ವಯಸ್ಸಾದವರೂ ಹತ್ತುತ್ತಾರೆ. ಮೆಟ್ಟಿಲು ಎತ್ತರವಾದರೆ ಜನ ಅದನ್ನು ಬಿಟ್ಟು ಪಕ್ಕದ ಮಣ್ಣಿನಲ್ಲಿ ನಡೆಯುತ್ತಾರೆ, ಆಗ ಕಲ್ಲು ಹೊತ್ತದ್ದು ವ್ಯರ್ಥ. ಹಳ್ಳ ದಾಟುವ ಜಾಗದಲ್ಲಿ ದಾರಿ ಎರಡೂ ದಡಗಳಿಂದ ನೀರಿನ ಕಡೆಗೆ ಇಳಿದು ನೇರವಾಗಿ ದಾಟಬೇಕು; ಒಂದು ಕಡೆ ಇಳಿಯದಿದ್ದರೆ ಉಕ್ಕಿದ ಹಳ್ಳ ದಾರಿಗುಂಟ ನುಗ್ಗುತ್ತದೆ.

ಕಲ್ಲು ಮತ್ತು ನೀರಿನ ಈ ಲೆಕ್ಕವನ್ನು ನೋಡಿ ಕಲಿಯಬೇಕೆನ್ನುವವರು ಉದ್ಯಾನದೊಳಗಿನ ಕಾನ್ಹೇರಿಗೆ ಮಳೆಗಾಲದಲ್ಲಿ ಹೋಗಬಹುದು. ನೂರಕ್ಕೂ ಹೆಚ್ಚು ಗುಹೆಗಳಿರುವ ಆ ಬೌದ್ಧ ನೆಲೆಯಲ್ಲಿ ಭಿಕ್ಷುಗಳು ಬಂಡೆಯಲ್ಲೇ ಮೆಟ್ಟಿಲು ಕಡಿಸಿ, ಮಳೆನೀರು ಸಣ್ಣ ಕಾಲುವೆಗಳಲ್ಲಿ ಹರಿದು ಕಲ್ಲುತೊಟ್ಟಿಗಳನ್ನು ಸೇರುವಂತೆ ಮಾಡಿದ್ದಾರೆ.

ಪೇವರ್ ಬ್ಲಾಕ್ ಹಾಕಿಬಿಟ್ಟರೆ ಇಷ್ಟೆಲ್ಲ ತಾಪತ್ರಯ ಏಕೆ ಎಂದು ಮುಂಬಯಿಯಲ್ಲಿ ಯಾರಾದರೂ ಕೇಳದೆ ಇರುವುದಿಲ್ಲ. ಮುಖ್ಯ ದ್ವಾರದ ಸಮೀಪದ ಸಮತಟ್ಟು ಜಾಗದಲ್ಲಿ, ಗಾಲಿಕುರ್ಚಿಯವರಿಗೂ ಪುಟ್ಟ ಮಕ್ಕಳ ತಳ್ಳುಗಾಡಿಗೂ ಗಟ್ಟಿ ನೆಲ ಬೇಕೇ ಬೇಕು. ಓರೆಯಲ್ಲಿ ಮಾತ್ರ ಅದು ತಿರುಗುಬಾಣ. ಗಟ್ಟಿ ಮೇಲ್ಮೈ ನೀರನ್ನು ಇಂಗಿಸದೆ ವೇಗವಾಗಿ ಓಡಿಸುತ್ತದೆ, ಓಡಿದ ನೀರು ಅಂಚಿನ ಮಣ್ಣನ್ನು ಕೊರೆಯುತ್ತದೆ, ಅಂಚು ಹೋದ ಮೇಲೆ ಬ್ಲಾಕುಗಳು ಒಂದೊಂದಾಗಿ ಕಳಚುತ್ತವೆ.

ಹಳೆಯ ದಾರಿಯನ್ನು ಮುಚ್ಚುವುದು

ಹೊಸ ದಾರಿ ತೆರೆದ ದಿನವೇ ಹಳೆಯದು ಮುಚ್ಚಬೇಕು. ಬರೇ ಫಲಕ ನೆಟ್ಟರೆ ಯಾರೂ ಕೇಳುವುದಿಲ್ಲ, ಹಳೆಯ ಕೊರಕಲು ಕಣ್ಣಿಗೆ ಕಾಣುವಷ್ಟು ಕಾಲ ಜನ ಅದನ್ನೇ ಹಿಡಿಯುತ್ತಾರೆ. ತುಳಿದು ಗಟ್ಟಿಯಾದ ನೆಲವನ್ನು ಪಿಕಾಸಿಯಿಂದ ಸಡಿಲಿಸಿ, ಕೊರಕಲಿಗೆ ಅಡ್ಡಲಾಗಿ ಸಣ್ಣ ಕಲ್ಲುಕಟ್ಟೆಗಳನ್ನು ಕಟ್ಟಿ ಹೂಳು ನಿಲ್ಲುವಂತೆ ಮಾಡಿ, ಕೂಡಿಟ್ಟ ತರಗೆಲೆಯನ್ನು ಹರಡಬೇಕು. ಹೊಸ ದಾರಿಯಿಂದ ಕಾಣುವ ಎರಡು ತುದಿಗಳಲ್ಲಿ ಬಿದ್ದ ಕೊಂಬೆಗಳನ್ನು, ಬಿದ್ದಹಾಗೆಯೇ ಕಾಣುವಂತೆ, ದಟ್ಟವಾಗಿ ಇಡಬೇಕು. ಗಿಡ ಹಚ್ಚುವ ಉತ್ಸಾಹದಲ್ಲಿ ನರ್ಸರಿಯಿಂದ ಬೇಗ ಬೆಳೆಯುವ ಹೊರಗಿನ ಸಸಿಗಳನ್ನು ತರುವುದು ಬೇಡ. ಮಣ್ಣು ನಿಂತರೆ ಇಲ್ಲಿನ ಕಾರ್ವಿ ಪೊದೆಯೂ ಹುಲ್ಲೂ ತಾವಾಗಿಯೇ ಬರುತ್ತವೆ.

ಕೆಲಸದ ಹೊತ್ತಿನ ಎಚ್ಚರವೂ ಮುಖ್ಯ. ಇದು ಚಿರತೆಗಳ ಕಾಡು. ಬೆಳಕು ಚೆನ್ನಾಗಿ ಹರಿದ ಮೇಲೆ ಶುರುಮಾಡಿ, ಮುಸ್ಸಂಜೆಗೆ ಬಹಳ ಮೊದಲೇ ಗುಂಪಾಗಿ ಹೊರಬರಬೇಕು. ಕಲ್ಲನ್ನು ಎಂದಿಗೂ ಬರಿಗೈಯಿಂದ ಮಗುಚಬಾರದು. ಹಾರೆಯಿಂದ ನಮ್ಮ ಕಡೆಗೆ ಎಬ್ಬಿಸಿದರೆ ಅಡಿಯಲ್ಲಿರುವ ಹಾವು ಅಥವಾ ಚೇಳಿಗೆ ಆಚೆಗೆ ಹೋಗಲು ದಾರಿ ಸಿಗುತ್ತದೆ.

ಮೊದಲ ಮಳೆಗಾಲದಲ್ಲಿ ದಾರಿಯನ್ನು ಕಡಿಮೆ ಬಳಸಬೇಕು. ಎರಡು ಮೂರು ದಿನ ಸತತ ಸುರಿದ ಮೇಲೆ ಪೂರ್ತಿ ಮುಚ್ಚಿಬಿಡುವುದೇ ಮೇಲು. ನಡೆದಾಡಿದ ಹಾಗೆ ಪಟ್ಟಿಯ ನಡುಭಾಗ ತಗ್ಗಿ ಹೊರಅಂಚಿನಲ್ಲಿ ಸಣ್ಣ ದಿಬ್ಬ ಏಳುವುದು ಸಹಜ, ಮತ್ತು ನೀರನ್ನು ಒಳಗೆ ಕಟ್ಟಿಹಾಕುವುದು ಆ ದಿಬ್ಬವೇ. ಪ್ರತಿ ವರ್ಷ ಮೇ ತಿಂಗಳಲ್ಲಿ ಗುದ್ದಲಿಯಿಂದ ಅದನ್ನು ಕೆರೆದು ತೆಗೆದು, ತಗ್ಗುಗಳ ಬಾಯಿಯ ಹೂಳನ್ನು ಎತ್ತಿದರೆ ದುರಸ್ತಿಯ ಬಹುಪಾಲು ಮುಗಿದಂತೆ. ಜುಲೈನಲ್ಲಿ ಮತ್ತೆ ಗೂಟಗಳ ಪಟ್ಟಿ ಹಿಡಿದು ಮಳೆಯಲ್ಲಿ ನಡೆಯಬೇಕು. ಎಲ್ಲಿ ನೀರು ಇನ್ನೂ ಹತ್ತು ಹೆಜ್ಜೆಗಿಂತ ಹೆಚ್ಚು ದೂರ ದಾರಿಯಲ್ಲೇ ಓಡುತ್ತಿದೆಯೋ ಅಲ್ಲಿ ಇನ್ನೊಂದು ತಗ್ಗನ್ನು ಸೇರಿಸಬೇಕು. ಎರಡು ಮಳೆಗಾಲ ಹೀಗೆ ನೋಡಿಕೊಂಡ ಮೇಲೆ ದಾರಿಗೆ ಹೆಸರಿನ ಫಲಕ ಹಾಕುವ ಮಾತನ್ನು ಆಡಬಹುದು.