ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಫಕ್ಕನೆ ಆರಿಹೋಗುವ ಕಂಪ್ಯೂಟರಿನ ರೋಗ ಹಿಡಿಯುವುದು ಹೇಗೆ?

ಪರಿಚಯದ ಹುಡುಗನೊಬ್ಬ ತಾನೇ ಜೋಡಿಸಿದ ಕಂಪ್ಯೂಟರನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಬಂದ. ಆಟ ಶುರುವಾಗಿ ಹತ್ತು ನಿಮಿಷವಾಗುವಷ್ಟರಲ್ಲಿ ಅದು ಫಕ್ಕನೆ ಆರಿಹೋಗುತ್ತಿತ್ತು. ಬಿಸಿಯೇ ಕಾರಣವೆಂದು ತಾನೇ ತೀರ್ಮಾನಿಸಿ ಪ್ರೊಸೆಸರಿನ ಬಿಸಿಯನ್ನು ಅದರ ಮೇಲೆ ಕೂತ ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟನ್ನು ಮೂರು ಸಲ ಬದಲಿಸಿದ್ದ, ಎರಡು ಫ್ಯಾನ್ ಹೆಚ್ಚಿಗೆ ಕೂರಿಸಿದ್ದ. ನಾನು ತಾಪಮಾನ ದಾಖಲಿಸುವ ತಂತ್ರಾಂಶ ಹಾಕಿ ಆಟ ಆಡಿಸಿದೆ. ಆರಿಹೋದ ಕ್ಷಣದಲ್ಲಿ ಪ್ರೊಸೆಸರಿನ ಬಿಸಿ 62 ಡಿಗ್ರಿ. ಅದಕ್ಕೆ ಜ್ವರವೇ ಇರಲಿಲ್ಲ.

ಪೇಸ್ಟಿನ ಟ್ಯೂಬಿಗೆ ಕೈ ಹಾಕುವ ಮೊದಲು ಒಂದು ವಿಷಯ ತಿಳಿದಿರಬೇಕು. ಬಿಸಿಯಾದ ಪ್ರೊಸೆಸರ್ ಸಾಮಾನ್ಯವಾಗಿ ಹೇಳದೆ ಕೇಳದೆ ಆರುವುದಿಲ್ಲ. ಮಿತಿ ಮುಟ್ಟಿದ ಕೂಡಲೇ ಮೊದಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇಂಟೆಲ್‌ನ ಹೆಚ್ಚಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಆ ಮಿತಿ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು, ಎಎಂಡಿಯ ರೈಜನ್ 7000 ಸರಣಿಯ ಹೆಚ್ಚಿನವುಗಳಲ್ಲಿ 95. ವೇಗ ಇಳಿಸಿದ ಮೇಲೂ ಬಿಸಿ ಏರುತ್ತಲೇ ಹೋದರೆ ಮಾತ್ರ ಕೊನೆಯ ಉಪಾಯವಾಗಿ ವಿದ್ಯುತ್ ಕಡಿಸುತ್ತದೆ. ಅಂದರೆ ಬಿಸಿ ಮೊದಲೇ ಸುಳಿವು ಕೊಡುತ್ತದೆ: ಆಟ ತಡವರಿಸುತ್ತದೆ, ಫ್ಯಾನುಗಳು ಬೊಬ್ಬೆ ಹೊಡೆಯುತ್ತವೆ. ಯಾವ ಸುಳಿವೂ ಇಲ್ಲದೆ, ಯಾರೋ ಪ್ಲಗ್ ಕಿತ್ತ ಹಾಗೆ ಆರಿದರೆ ಮೊದಲ ಅನುಮಾನ ಎಸ್‌ಎಂಪಿಎಸ್ (ಗೋಡೆಯ ವಿದ್ಯುತ್ತನ್ನು ಕಂಪ್ಯೂಟರಿಗೆ ತಕ್ಕಂತೆ ಬದಲಿಸಿ ಕೊಡುವ ಘಟಕ) ಮೇಲೆ, ಅದಕ್ಕೆ ಬರುವ ಮತ್ತು ಅದರಿಂದ ಹೋಗುವ ತಂತಿಗಳ ಮೇಲೆ ಇರಲಿ.

ಮೊದಲ ಹೆಜ್ಜೆ: ದಾಖಲೆ

ಸ್ಕ್ರೂಡ್ರೈವರ್ ಪಕ್ಕಕ್ಕಿಡಿ. ಎಚ್‌ಡಬ್ಲ್ಯುಇನ್ಫೋ ತಂತ್ರಾಂಶವನ್ನು ಹಾಕಿಕೊಂಡು, ಅದರಲ್ಲಿ ಸೆನ್ಸರುಗಳ ಲೆಕ್ಕವನ್ನು ಫೈಲಿಗೆ ಬರೆಯುವ ಗುಂಡಿ ಒತ್ತಿ. ಪರದೆಯ ಮೇಲೆ ಕಣ್ಣಿಟ್ಟು ಕೂತರೆ ಏನೂ ಸಿಗದು. ಕಂಪ್ಯೂಟರ್ ಆರಿದಾಗ ಪರದೆಯೂ ಆರುತ್ತದಲ್ಲ! ಮತ್ತೆ ಚಾಲೂ ಮಾಡಿ ಆ ಫೈಲಿನ ಕೊನೆಯ ಸಾಲುಗಳನ್ನು ಓದಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡರ ಬಿಸಿಯನ್ನೂ ನೋಡಿ, ಜೊತೆಗೆ ಪ್ರೊಸೆಸರಿನ ವೇಗವನ್ನೂ ನೋಡಿ.

ವಿಂಡೋಸ್ ತನ್ನ ಆಗುಹೋಗುಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂಬ ಕೆಂಪು ಸಾಲು ಕಂಡು ಎಸ್‌ಎಂಪಿಎಸ್ ಸತ್ತಿದೆ ಎಂದು ಹೊಸದು ತಂದವರನ್ನು ನೋಡಿದ್ದೇನೆ. ಆ ಸಾಲಿನ ಅರ್ಥ ಇಷ್ಟೇ: ಕಳೆದ ಸಲ ಕಂಪ್ಯೂಟರ್ ಕ್ರಮವಾಗಿ ಮುಚ್ಚಿಕೊಂಡಿಲ್ಲ. ಅದು ನಿಮಗೆ ಮೊದಲೇ ಗೊತ್ತಿತ್ತು.

ಎರಡನೆಯ ಹೆಜ್ಜೆ: ಒಬ್ಬೊಬ್ಬರಿಗೇ ಹೊರೆ

ಪ್ರೊಸೆಸರಿಗೆ ಮಾತ್ರ ಕೆಲಸ ಕೊಡಲು ಸಿನಿಬೆಂಚ್ ಅಥವಾ ಪ್ರೈಮ್95, ಗ್ರಾಫಿಕ್ಸ್ ಕಾರ್ಡಿಗೆ ಮಾತ್ರ ಕೊಡಲು ಫರ್‌ಮಾರ್ಕ್. ಮೊದಲು ಒಂದೊಂದನ್ನೇ ಓಡಿಸಿ, ಆಮೇಲೆ ಎರಡನ್ನೂ ಒಟ್ಟಿಗೆ ಓಡಿಸಿ. ಪಕ್ಕದಲ್ಲೇ ಕೂತಿರಿ, ಹಚ್ಚಿಟ್ಟು ಊಟಕ್ಕೆ ಹೋಗಬೇಡಿ. ಬಿಡಿಬಿಡಿಯಾಗಿ ಎರಡೂ ಪಾಸಾಗಿ, ಒಟ್ಟಿಗೆ ಓಡಿಸಿದಾಗ ಬಿಸಿ ಮಿತಿಯೊಳಗಿದ್ದೂ ಆರಿದರೆ ಪೇಸ್ಟಿನ ವಿಚಾರವನ್ನೇ ಬಿಟ್ಟು ನೇರ ಐದನೆಯ ಹೆಜ್ಜೆಗೆ ಹೋಗಿ.

ಬಿಸಿ ನಿಜವಾಗಿಯೂ ಏರುತ್ತಿದ್ದರೆ, ಹೇಗೆ ಏರುತ್ತದೆ ಎಂಬುದನ್ನು ಗಮನಿಸಿ. ಹೊರೆ ಬಿದ್ದ ಒಂದೆರಡು ಸೆಕೆಂಡಿನಲ್ಲಿ 40ರಿಂದ 95ಕ್ಕೆ ಜಿಗಿದರೆ ಕೂಲರ್ ಪ್ರೊಸೆಸರಿಗೆ ಸರಿಯಾಗಿ ತಾಗಿಲ್ಲ. ಹತ್ತು ಹದಿನೈದು ನಿಮಿಷ ನಿಧಾನವಾಗಿ ಮೇಲೇರಿದರೆ ಕ್ಯಾಬಿನೆಟ್‌ನೊಳಗಿನ ಬಿಸಿಗಾಳಿ ಹೊರಹೋಗುತ್ತಿಲ್ಲ. ಹೊಸ ರೈಜನ್‌ಗಳ ಮಾತು ಮಾತ್ರ ಬೇರೆ. ಪೂರ್ಣ ಹೊರೆಯಲ್ಲಿ 95ಕ್ಕೇರಿ ಅಲ್ಲೇ ನಿಂತು ದುಡಿಯುವಂತೆಯೇ ಅವುಗಳಲ್ಲಿ ಹಲವನ್ನು ರೂಪಿಸಿದ್ದಾರೆ. ವೇಗ ಕುಸಿಯದಿದ್ದರೆ ಗಾಬರಿ ಬೇಡ.

ಮೂರನೆಯ ಹೆಜ್ಜೆ: ಗಾಳಿ, ದೂಳು

ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಅದೇ ಪರೀಕ್ಷೆ ಮಾಡಿ. ಬಿಸಿ ಹತ್ತು ಡಿಗ್ರಿ ಇಳಿದರೆ ದೋಷ ಗಾಳಿಯ ಓಡಾಟದ್ದು. ಫ್ಯಾನಿನ ಕಂಬಿಗಳೂ ಲೇಬಲ್ಲೂ ಇರುವ ಬದಿಯಿಂದ ಗಾಳಿ ಹೊರಗೆ ಬರುತ್ತದೆ. ಮುಂದಿನಿಂದ ಒಳಕ್ಕೆ, ಹಿಂದೆ ಮತ್ತು ಮೇಲೆ ಹೊರಕ್ಕೆ, ಇದಕ್ಕಿಂತ ಹೆಚ್ಚಿನ ಶಾಸ್ತ್ರ ಬೇಡ. ದೂಳು ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಯ ರಭಸಕ್ಕೆ ಅದು ಗಿರ್ರನೆ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ನಾಲ್ಕನೆಯ ಹೆಜ್ಜೆ: ಕೂಲರ್ ಬಿಚ್ಚಿ ಮತ್ತೆ ಕೂರಿಸುವುದು

ಜನ ಹೆಚ್ಚು ಎಡವುವುದು ಇಲ್ಲಿ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ತಣ್ಣಗಿರುವ ಕೂಲರನ್ನು ಕೀಳಬೇಡಿ. ಹಳೆಯ ಪೇಸ್ಟ್ ಅಂಟಿನಂತೆ ಹಿಡಿದಿರುತ್ತದೆ. ಐದು ನಿಮಿಷ ಕಂಪ್ಯೂಟರಿಗೆ ಕೆಲಸ ಕೊಟ್ಟು ಬೆಚ್ಚಗೆ ಮಾಡಿ, ಆರಿಸಿ, ಪ್ಲಗ್ ತೆಗೆಯಿರಿ. ಸ್ಕ್ರೂಗಳು ಸಡಿಲವಾದ ಮೇಲೆ ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ತಿರುಚಿ, ಬಿಟ್ಟುಕೊಂಡಿತು ಎನಿಸಿದ ಮೇಲೆ ಎತ್ತಿ. ಎಎಂಡಿಯ ಎಎಂ4 ಎಂಬ ಸಾಕೆಟ್ಟಿನಲ್ಲಿ (ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಕೂರುವ ಪ್ರೊಸೆಸರುಗಳಲ್ಲಿ ಪಿನ್ನುಗಳು ಚಿಪ್ಪಿನ ತಳದಲ್ಲೇ ಇವೆ. ನೇರ ಎಳೆದರೆ ಸಾಕೆಟ್‌ನ ಸನ್ನೆ ಹಾಕಿದ್ದರೂ ಚಿಪ್ಪು ಕೂಲರಿಗೆ ಅಂಟಿಕೊಂಡೇ ಮೇಲೆ ಬರುತ್ತದೆ, ಬರುವಾಗ ಪಿನ್ನು ಬಾಗುತ್ತದೆ.

ಎತ್ತಿದ ಕೂಡಲೇ ಒರೆಸಬೇಡಿ, ಹಳೆಯ ಪೇಸ್ಟಿನ ಅಚ್ಚನ್ನು ಓದಿ. ಇಷ್ಟು ಸ್ಪಷ್ಟವಾದ ಸಾಕ್ಷ್ಯ ಇನ್ನೆಲ್ಲೂ ಸಿಗದು. ನಡುಭಾಗದಲ್ಲಿ ತೆಳ್ಳಗೆ ಸಮನಾಗಿ ಹರಡಿದ್ದರೆ ಕೂಲರ್ ಸರಿಯಾಗಿಯೇ ಕೂತಿತ್ತು, ತಪ್ಪು ಬೇರೆ ಕಡೆ ಇದೆ. ಒಂದು ಮೂಲೆಯಲ್ಲಿ ದಪ್ಪ, ಎದುರು ಮೂಲೆಯಲ್ಲಿ ಬರಿದು ಎಂದಾದರೆ ಓರೆಯಾಗಿ ಕೂತಿತ್ತು. ಹಚ್ಚಿದ ಗುಂಡು ಹಚ್ಚಿದ ಹಾಗೆಯೇ ಇದ್ದರೆ ಕೂಲರ್ ತಾಗಿಯೇ ಇಲ್ಲ, ಬೇರೆ ಸಾಕೆಟ್ಟಿನ ಬ್ರಾಕೆಟ್ಟೋ ವಾಷರೋ ಹಾಕಿದ್ದೀರಿ. ಅಚ್ಚಿನ ಮೇಲೆ ನುಣುಪಾದ ಪ್ಲಾಸ್ಟಿಕ್ ಹಾಳೆ ಹೊಳೆಯುತ್ತಿದ್ದರೆ, ಕೂಲರಿನ ತಳಕ್ಕೆ ಕಾರ್ಖಾನೆಯಲ್ಲಿ ಅಂಟಿಸಿದ ಹಾಳೆಯನ್ನು ನೀವು ಕೀಳಲೇ ಇಲ್ಲ. ನಗಬೇಡಿ, ನಾನೇ ಒಮ್ಮೆ ಮಾಡಿದ್ದೇನೆ.

ಶೇಕಡಾ 90ಕ್ಕಿಂತ ಹೆಚ್ಚಿನ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೂಲು ಬಿಡದ ಬಟ್ಟೆ ಅದ್ದಿ ಎರಡೂ ಮುಖಗಳನ್ನು ಒರೆಸಿ. ನಡುವೆ ಬಟಾಣಿ ಗಾತ್ರದ ಒಂದು ಗುಂಡು ಹಾಕಿ. ಪ್ರೊಸೆಸರ್ ಅಗಲವಾಗಿದ್ದರೆ ನಾಲ್ಕು ಮೂಲೆಗೂ ಒಂದೊಂದು ಸಣ್ಣ ಚುಕ್ಕೆ ಇಡಿ. ಚುಕ್ಕೆಯೋ ಗೆರೆಯೋ ಅಡ್ಡಗೀಟೋ ಎಂಬ ವಾದ ಮುಗಿಯುವಂಥದ್ದಲ್ಲ, ಅದರಿಂದ ಬರುವ ಲಾಭವೂ ಹೇಳಿಕೊಳ್ಳುವಂಥದ್ದಲ್ಲ. ಹರಡುವುದು ಕೂಲರಿನ ಒತ್ತಡದ ಕೆಲಸ. ಹಲ್ಲುಜ್ಜುವ ಪೇಸ್ಟಿನಿಂದಲೂ ಆಗುತ್ತದೆ ಎಂಬ ವಿಡಿಯೊಗಳಿವೆ. ಆಗುತ್ತದೆ, ಒಣಗುವವರೆಗೆ. ಪೇಸ್ಟಿನ ಬದಲು ದ್ರವಲೋಹ ಹಚ್ಚುವ ಆಸೆಯನ್ನೂ ಬಿಡಿ. ಅದು ವಿದ್ಯುತ್ ಹರಿಸುತ್ತದೆ, ಅಲ್ಯೂಮಿನಿಯಮನ್ನು ತಿನ್ನುತ್ತದೆ, ಒಂದು ಹನಿ ಮದರ್‌ಬೋರ್ಡಿಗೆ ಜಾರಿದರೆ ಕಥೆ ಮುಗಿಯಿತು. ಕೂಲರಿನ ಜೊತೆ ಬಂದ ಪೇಸ್ಟೇ ಧಾರಾಳ ಸಾಕು.

ಇನ್ನು ಕೂರಿಸುವುದು. ಮೇಲಿನಿಂದ ನೇರ ಇಳಿಸಿ, ತಾಗಿದ ಮೇಲೆ ‘ಹರಡಿತೋ ಇಲ್ಲವೋ’ ಎಂದು ಮತ್ತೆ ಎತ್ತಿ ನೋಡಬೇಡಿ. ಎತ್ತಿದರೆ ಗಾಳಿಗುಳ್ಳೆ ಸೇರುತ್ತದೆ. ಒರೆಸಿ ಮೊದಲಿನಿಂದ ಶುರುಮಾಡಬೇಕು. ನಾಲ್ಕು ಸ್ಕ್ರೂಗಳಲ್ಲಿ ಒಂದನ್ನು ಪೂರ್ತಿ ಬಿಗಿದು ಮುಂದಿನದಕ್ಕೆ ಹೋದರೆ ಕೂಲರ್ ಓರೆಯಾಯಿತೆಂದೇ ಲೆಕ್ಕ. ಒಂದಕ್ಕೆ ಎರಡು ಸುತ್ತು, ಆಮೇಲೆ ಕರ್ಣದ ಎದುರಿನದಕ್ಕೆ ಎರಡು ಸುತ್ತು. ಹೀಗೆಯೇ ಸುತ್ತುತ್ತಾ ತಾನಾಗಿ ನಿಲ್ಲುವವರೆಗೆ ಹೋಗಿ.

ಪ್ಲಾಸ್ಟಿಕ್ ಕಾಲುಗಳನ್ನು ಒತ್ತಿ ಕೂರಿಸುವ ಇಂಟೆಲ್ ಕೂಲರುಗಳು ನನಗೆ ಕಂಡರಾಗದು. ಅವುಗಳ ತಲೆಯ ಮೇಲಿನ ಬಾಣ ತೋರಿಸುವುದು ಬಿಚ್ಚುವ ದಿಕ್ಕನ್ನು, ಬಿಗಿಯುವ ದಿಕ್ಕನ್ನಲ್ಲ. ಒತ್ತುವ ಮೊದಲು ನಾಲ್ಕನ್ನೂ ಬಾಣದ ವಿರುದ್ಧಕ್ಕೆ ಕೊನೆಯವರೆಗೆ ತಿರುಗಿಸಿರಬೇಕು. ಕರ್ಣದಲ್ಲಿರುವ ಎರಡನ್ನು ಒಟ್ಟಿಗೆ ‘ಟಕ್’ ಎನ್ನುವವರೆಗೆ ಒತ್ತಿ, ನಂತರ ಉಳಿದೆರಡನ್ನು. ಸದ್ದು ಬಂದರೂ ನಂಬಬೇಡಿ: ಮದರ್‌ಬೋರ್ಡಿನ ಬೆನ್ನಿನಿಂದ ನೋಡಿ ನಾಲ್ಕೂ ಕಾಲುಗಳು ಆಚೆ ಬಂದು ಅಗಲವಾಗಿ ಅರಳಿ ಕಚ್ಚಿಕೊಂಡಿವೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಇದಕ್ಕಾಗಿ ಮದರ್‌ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರತೆಗೆಯುವುದೇ ಮೇಲು. ಸೋಮಾರಿತನ ಮಾಡಿದವರೇ ಎರಡನೆಯ ಸಲ ಬಿಚ್ಚುತ್ತಾರೆ. ಕಾಲು ಸೀಳಿದ್ದರೆ ಅಂಟು ಹಚ್ಚಿ ನಿಲ್ಲಿಸಬೇಡಿ. ಹಿಂಬದಿಯಲ್ಲಿ ಲೋಹದ ತಟ್ಟೆ ಇಟ್ಟು ಸ್ಕ್ರೂ ಹಾಕುವ ಕೂಲರ್ ತನ್ನಿ.

ನೀರಿನ ಕೂಲರ್ ಆದರೆ ಪಂಪಿಗೆ ವಿದ್ಯುತ್ ಹೋಗುತ್ತಿದೆಯೇ ನೋಡಿ. ಪಂಪು ಇಡೀ ವ್ಯವಸ್ಥೆಯ ಅತಿ ಎತ್ತರದ ಭಾಗವಾಗಿರಕೂಡದು, ಗಾಳಿಗುಳ್ಳೆಗಳು ಅಲ್ಲೇ ಹೋಗಿ ಸೇರುತ್ತವೆ. ಪ್ರೊಸೆಸರ್ ಕುದಿಯುತ್ತಿದ್ದೂ ನೀರಿನ ಬಿಸಿಯನ್ನು ಹೊರಬಿಡುವ ರೇಡಿಯೇಟರ್ ತಣ್ಣಗಿದ್ದರೆ ನೀರು ಓಡುತ್ತಿಲ್ಲ.

ಐದನೆಯ ಹೆಜ್ಜೆ: ವಿದ್ಯುತ್ತಿನ ದಾರಿ

ಎಕ್ಸ್‌ಟೆನ್ಷನ್ ಬೋರ್ಡು, ಯುಪಿಎಸ್ ಎರಡನ್ನೂ ಬಿಟ್ಟು ಗೋಡೆಯ ಸಾಕೆಟ್ಟಿಗೇ ನೇರ ಸಿಕ್ಕಿಸಿ ಪರೀಕ್ಷಿಸಿ. ಸಣ್ಣ ಯುಪಿಎಸ್ ತನ್ನ ಮಿತಿ ಮೀರಿದಾಗ ತಾನೇ ಕೈಕೊಡುತ್ತದೆ, ಬೈಗುಳ ಮಾತ್ರ ಕಂಪ್ಯೂಟರಿಗೆ ಬೀಳುತ್ತದೆ. ಆಮೇಲೆ ಮದರ್‌ಬೋರ್ಡಿನ 24 ಪಿನ್ನಿನ ಮತ್ತು ಪ್ರೊಸೆಸರಿನ 8 ಪಿನ್ನಿನ ಕನೆಕ್ಟರುಗಳನ್ನು ಕಿತ್ತು ಕೊಂಡಿ ಕಚ್ಚುವವರೆಗೆ ಮತ್ತೆ ಒತ್ತಿ.

ಗ್ರಾಫಿಕ್ಸ್ ಕಾರ್ಡಿಗೆ ಎರಡು ಕನೆಕ್ಟರುಗಳಿದ್ದರೆ ಎಸ್‌ಎಂಪಿಎಸ್‌ನಿಂದ ಎರಡು ಪ್ರತ್ಯೇಕ ಕೇಬಲ್ ಎಳೆಯಿರಿ. ಒಂದೇ ಕೇಬಲಿನ ತುದಿಯ ಎರಡು ಕವಲನ್ನು ಸಿಕ್ಕಿಸಿ ಕೈತೊಳೆದುಕೊಳ್ಳಬೇಡಿ. ದೊಡ್ಡ ಕಾರ್ಡುಗಳು ಕೆಲವು ಮಿಲಿಸೆಕೆಂಡುಗಳ ಮಟ್ಟಿಗೆ ಡಬ್ಬದ ಮೇಲೆ ಬರೆದ ವಾಟ್‌ಗಿಂತ ಬಹಳ ಹೆಚ್ಚು ಎಳೆಯುತ್ತವೆ. ಎಸ್‌ಎಂಪಿಎಸ್ ತನ್ನ ರಕ್ಷಣೆಗಾಗಿ ಆರಿಕೊಳ್ಳುವುದು ಆಗಲೇ. ಕೂಡಿ ಕಳೆದು ‘ವಾಟ್ ಸಾಕಾಗುತ್ತದಲ್ಲ’ ಎಂದು ವಾದಿಸುವವರ ಲೆಕ್ಕ ತಪ್ಪುವುದೂ ಇಲ್ಲಿಯೇ.

ಬೇರೆ ಎಸ್‌ಎಂಪಿಎಸ್ ಎರವಲು ತಂದು ಪರೀಕ್ಷಿಸುವುದಾದರೆ ಅದರ ಕೇಬಲುಗಳನ್ನೂ ತನ್ನಿ. ಕಿತ್ತು ಹಾಕಬಹುದಾದ ಕೇಬಲುಗಳ ಎಸ್‌ಎಂಪಿಎಸ್ ಬದಿಯ ತುದಿಗೆ ಎಲ್ಲರಿಗೂ ಒಂದೇ ಎಂಬ ನಿಯಮವಿಲ್ಲ. ಆಕಾರ ಹೊಂದಿದ ಮಾತ್ರಕ್ಕೆ ಸಿಕ್ಕಿಸಿ ಡಿಸ್ಕ್ ಸುಟ್ಟುಕೊಂಡವರಿದ್ದಾರೆ. ಎಸ್‌ಎಂಪಿಎಸ್‌ನ ಲೋಹದ ಹೊರಕವಚವನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಕೆಪಾಸಿಟರುಗಳಲ್ಲಿ ಪ್ರಾಣಕ್ಕೆ ಎರವಾಗುವಷ್ಟು ವಿದ್ಯುತ್ ಉಳಿದಿರಬಹುದು.

ಇಷ್ಟರ ಮೇಲೂ ಬಗೆಹರಿಯದಿದ್ದರೆ

ಬಯಾಸ್‌ನ (ಮದರ್‌ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶ) ಹೊಂದಿಕೆಗಳನ್ನೆಲ್ಲ ಮೂಲಸ್ಥಿತಿಗೆ ತನ್ನಿ, ಮೆಮೊರಿಯ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಫ್ ಮಾಡಿ, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಒಂದು ರಾತ್ರಿ ಓಡಲು ಬಿಡಿ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ದೊಡ್ಡ ಪ್ರೊಸೆಸರ್ ಆಗಿದ್ದರೆ ಬಯಾಸ್ ನವೀಕರಿಸಿ. ಹೆಚ್ಚಿನ ವೋಲ್ಟೇಜಿನಿಂದ ಅವು ಅಸ್ಥಿರವಾಗುತ್ತಿದ್ದುದಕ್ಕೆ 2024ರ ಆಗಸ್ಟ್‌ನಿಂದ ಕಂಪನಿ ತಿದ್ದುಪಡಿ ಕೊಟ್ಟಿದೆ. ಆದರೆ ಆಗಲೇ ಹಾಳಾದ ಚಿಪ್ಪನ್ನು ಅದು ಬದುಕಿಸದು. ಮದರ್‌ಬೋರ್ಡಿನ ಅಡಿಯಲ್ಲಿ ಬೇಡದ ಕಡೆ ಹಿತ್ತಾಳೆಯ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಗೂಟ) ಉಳಿದು ಶಾರ್ಟ್ ಆಗುತ್ತಿದೆಯೇ, ಕ್ಯಾಬಿನೆಟ್‌ನ ಪವರ್ ಗುಂಡಿ ಒಳಗೇ ಸಿಕ್ಕಿಕೊಂಡಿದೆಯೇ ನೋಡಿ. ಪವರ್ ಗುಂಡಿಯ ತಂತಿ ಕಿತ್ತು ಒಂದು ದಿನ ಓಡಿಸಿದರೆ ಅದು ಗೊತ್ತಾಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಸರಿಹೋದದ್ದು ಯಾವುದರಿಂದ ಎಂದು ಹೇಳಲಾಗದು.

ಆ ಹುಡುಗನ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಹೋಗಿದ್ದದ್ದು ಒಂದೇ ಕೇಬಲಿನ ಎರಡು ಕವಲು. ಎರಡನೆಯ ಕೇಬಲ್ ಎಲ್ಲಿ ಎಂದು ಕೇಳಿದೆ. ಮನೆಗೆ ಹೋಗಿ ಎಸ್‌ಎಂಪಿಎಸ್ ಬಂದಿದ್ದ ರಟ್ಟಿನ ಡಬ್ಬ ತಂದ. ಕೇಬಲ್ ಅದರೊಳಗೇ ಇತ್ತು, ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚಿರಲಿಲ್ಲ.