ಮಿಕ್ಸಿ ನಿಂತರೆ ಮೊದಲು ಜಾರ್ ನೋಡಿ

ಮಿಕ್ಸಿ ತಿರುಗಲಿಲ್ಲ ಎಂದ ಕೂಡಲೇ ಮೋಟಾರು ಸುಟ್ಟುಹೋಯಿತು ಎಂದು ತೀರ್ಮಾನಿಸಿ ಹೊಸದಕ್ಕೆ ದುಡ್ಡು ಸುರಿಯಬೇಡಿ. ಬಹಳ ಸಲ ಮೋಟಾರು ಗಟ್ಟಿಮುಟ್ಟಾಗಿಯೇ ಇರುತ್ತದೆ, ತೊಂದರೆ ಇರುವುದು ಜಾರಿನಲ್ಲಿ.

ಪ್ಲಗ್ ತೆಗೆದು, ಖಾಲಿ ಜಾರನ್ನು ಬೋರಲು ಹಿಡಿದು, ತಳದ ಕಪ್ಲರನ್ನು, ಅಂದರೆ ಮೋಟಾರಿನ ಮೇಲಿರುವ ಜೊತೆ ಕಪ್ಲರಿಗೆ ಕೂಡಿ ಬ್ಲೇಡನ್ನು ತಿರುಗಿಸುವ ಬಿಲ್ಲೆಯನ್ನು, ಬೆರಳಿನಿಂದ ತಿರುಗಿಸಿ. ಅದು ಸರಾಗವಾಗಿ ಸುತ್ತಬೇಕು. ಬಿಗಿಯಾಗಿದ್ದರೆ, ಬ್ಲೇಡಿನ ದಂಡ ಕೂರುವ ಬುಷ್ಷಿನೊಳಗೆ ತೆಂಗಿನಕಾಯಿಯ ಜಿಡ್ಡೋ ಹುಣಸೆಯ ರಸವೋ ಒಣಗಿ ಕಚ್ಚಿಕೊಂಡಿದೆ. ಚಟ್ನಿ ಜಾರಿಗೇ ಈ ಕಾಟ ಹೆಚ್ಚು, ಏಕೆಂದರೆ ಬೆಳಗ್ಗೆ ರುಬ್ಬಿದ್ದನ್ನು ತೊಳೆಯುವುದು ಸಂಜೆಗೆ. ಜಾರಿಗೆ ಕೈ ತಾಳುವಷ್ಟು ಬಿಸಿ ನೀರು ಹಾಕಿ ಅರ್ಧ ಗಂಟೆ ಬಿಡಿ. ಬೆಂಗಳೂರಿನ ಹೊರವಲಯದ ಹಲವು ಬಡಾವಣೆಗಳಲ್ಲಿ ಬೋರ್‌ವೆಲ್ ನೀರೇ ಗತಿ. ಆ ಗಡಸು ನೀರು ಬಿಳಿ ಪದರ ಕಟ್ಟುತ್ತದೆ. ಅಂಥ ಕಡೆ ನೀರಿಗೆ ಒಂದು ನಿಂಬೆಹಣ್ಣು ಹಿಂಡಿ. ಆಮೇಲೆ ಕಪ್ಲರನ್ನು ಹಿಂದೆ ಮುಂದೆ ಮೆಲ್ಲನೆ ಆಡಿಸಿ, ತೊಳೆದು ಒರೆಸಿ, ದಂಡದ ಬುಡಕ್ಕೆ ಎರಡು ಹನಿ ಕಡಲೆಕಾಯಿ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ ಬೇಡ, ಡಿಸೆಂಬರ್ ಚಳಿಗೆ ಅದು ಹೆಪ್ಪುಗಟ್ಟುತ್ತದೆ. ಹೊಲಿಗೆ ಯಂತ್ರದ ಎಣ್ಣೆಯಂತೂ ಖಂಡಿತ ಕೂಡದು, ಊಟದ ಪಾತ್ರೆ ಇದು. ಸ್ಪ್ಯಾನರ್ ಹಾಕಿ ಬಲವಂತ ಮಾಡಿದರೆ ದಂಡ ಸೊಟ್ಟಗಾಗುತ್ತದೆ.

ಜಾರ್ ಸರಿಯಿದ್ದೂ ಮಿಕ್ಸಿ ಸದ್ದೇ ಮಾಡದಿದ್ದರೆ ಅದರ ಅಡಿಭಾಗದಲ್ಲಿರುವ ಕೆಂಪು ಗುಂಡಿಯನ್ನು ಹುಡುಕಿ. ಹೊರೆ ಹೆಚ್ಚಾದಾಗ ಮೋಟಾರನ್ನು ಉಳಿಸಲು ತಾನೇ ಕಡಿದುಕೊಳ್ಳುವ ಸ್ವಿಚ್ಚು ಅದು. ಯುಗಾದಿಯ ದಿನ ಹೋಳಿಗೆಯ ಹೂರಣ ರುಬ್ಬುವಾಗ ಎಷ್ಟೋ ಮನೆಗಳಲ್ಲಿ ಮಿಕ್ಸಿ ನಿಲ್ಲುವುದು ಇದರಿಂದಲೇ. ನೀರು ಬಸಿದ ಬೇಳೆ, ಬೆಲ್ಲ ಎರಡೂ ಸೇರಿ ಬ್ಲೇಡನ್ನು ಹಿಡಿದುಬಿಡುತ್ತವೆ. ಪ್ಲಗ್ ತೆಗೆದು ಮಿಕ್ಸಿ ಪೂರ್ತಿ ತಣ್ಣಗಾಗಲು ಬಿಟ್ಟು, ಜಾರಿನಲ್ಲಿರುವುದನ್ನು ಅರ್ಧ ತೆಗೆದಿಟ್ಟು, ಗುಂಡಿ ಒತ್ತಿ. ಅದು ಮತ್ತೆ ಮತ್ತೆ ಹೊರಬರುತ್ತಿದ್ದರೆ ಒತ್ತುತ್ತಾ ಕೂರಬೇಡಿ, ಒಳಗೆ ಬೇರೆ ದೋಷವಿದೆ. ಹೂರಣವನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಒರಳು ಇರುವವರು ಅದರಲ್ಲೇ ರುಬ್ಬಿ, ರುಚಿಯೂ ಮೇಲು. ಅಡುಗೆಮನೆಯ ಮಿಕ್ಸಿ ಎಡೆಬಿಡದೆ ದುಡಿಯಲು ಮಾಡಿದ್ದಲ್ಲ, ಐದು ನಿಮಿಷ ಓಡಿಸಿದರೆ ಎರಡು ನಿಮಿಷವಾದರೂ ವಿರಾಮ ಕೊಡಿ.

ಮೋಟಾರು ಭರ್ರೆಂದು ಓಡುತ್ತಿದೆ, ಬ್ಲೇಡು ಮಾತ್ರ ಅಲುಗುತ್ತಿಲ್ಲ, ಕಟಕಟ ಸದ್ದು ಬರುತ್ತಿದೆ ಎಂದರೆ ಕಪ್ಲರಿನ ಹಲ್ಲು ಸವೆದಿದೆ. ಇದು ಅಗ್ಗದ ರಿಪೇರಿ. ಬಹಳಷ್ಟು ಮಿಕ್ಸಿಗಳಲ್ಲಿ ಮೋಟಾರಿನ ಮೇಲಿನ ಕಪ್ಲರ್ ಸಾಮಾನ್ಯ ತಿರುಪಿಗೆ ವಿರುದ್ಧವಾಗಿ, ಗಡಿಯಾರದ ಮುಳ್ಳು ಹೋಗುವ ದಿಕ್ಕಿನಲ್ಲಿ ಬಿಚ್ಚಿಕೊಳ್ಳುತ್ತದೆ. ಇದು ತಿಳಿಯದೆ ಬಿಚ್ಚಲು ಹೋಗಿ ಇನ್ನಷ್ಟು ಬಿಗಿ ಮಾಡುವವರೇ ಹೆಚ್ಚು. ಹಳೆಯ ಕಪ್ಲರನ್ನು ಕೈಯಲ್ಲೇ ಹಿಡಿದುಕೊಂಡು ಬೆಂಗಳೂರಿನವರಾದರೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೋ ಎಸ್.ಪಿ. ರಸ್ತೆಗೋ ಹೋಗಿ, ಪಕ್ಕದಲ್ಲಿಟ್ಟು ಅಳತೆ ನೋಡಿಯೇ ಕೊಳ್ಳಿ. ಕಂಪನಿಯ ಹೆಸರು ಹೇಳಿದರೆ ಸಾಲದು, ಒಂದೇ ಕಂಪನಿಯಲ್ಲೂ ಮಾದರಿಯಿಂದ ಮಾದರಿಗೆ ಅಳತೆ ಬೇರೆ.

ಜಾರಿನ ತಳದಿಂದ ನೀರು ಜಿನುಗುವುದನ್ನು ಮಾತ್ರ ದಯವಿಟ್ಟು ಒಂದು ದಿನವೂ ಮುಂದೂಡಬೇಡಿ. ಆ ನೀರು ನೇರ ಇಳಿಯುವುದು ಮೋಟಾರಿನೊಳಕ್ಕೆ, ಶಾಕ್ ಹೊಡೆಯುವ ಅಪಾಯವೂ ಇದೆ. ಜಾರಿಗೆ ನೀರು ತುಂಬಿ ಹಳೆಯ ಪತ್ರಿಕೆಯ ಮೇಲೆ ಕಾಲು ಗಂಟೆ ಇಡಿ; ಕಾಗದ ಒದ್ದೆಯಾದರೆ ಬುಷ್ಷು, ವಾಷರು ಬದಲಿಸುವ ಕಾಲ ಬಂದಿದೆ. ತಳದಲ್ಲಿ ಕಪ್ಪು ಜಿಡ್ಡು ಕಂಡರೆ ಆ ಜಾರಿನಲ್ಲಿ ರುಬ್ಬಿದ್ದನ್ನು ಮಕ್ಕಳಿಗೆ ಬಡಿಸಲೇಬೇಡಿ.

ಗಾಳಿಕಿಂಡಿಯಲ್ಲಿ ಸಣ್ಣ ನೀಲಿ ಕಿಡಿ ಕಂಡರೆ ಹೆದರಬೇಕಿಲ್ಲ, ಈ ಬಗೆಯ ಮೋಟಾರಿನಲ್ಲಿ ಅದು ಸಹಜ. ದೊಡ್ಡ ಕಿತ್ತಳೆ ಬಣ್ಣದ ಕಿಡಿಗಳು ಸುತ್ತಲೂ ಹಾರುತ್ತಿದ್ದರೆ ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಜೋಡಿ ಕಾರ್ಬನ್ ಬ್ರಷ್ ಸವೆದಿರಬಹುದು. ಬದಲಿಸುವಾಗ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಹೊಗೆ ಬಂದರೆ ನೀವು ಕೈ ಹಾಕಬೇಡಿ, ರಿಪೇರಿಯವರಿಗೇ ಕೊಡಿ, ತೆಗೆದ ಹಳೆಯ ಭಾಗಗಳನ್ನು ಕೇಳಿ ವಾಪಸು ಪಡೆಯಿರಿ.

ಬ್ಲೇಡು ಮೊಂಡಾದರೆ ಕಲ್ಲುಪ್ಪು ತಿರುಗಿಸಿ ಎನ್ನುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ; ಉಪ್ಪು ಬುಷ್ಷಿನೊಳಗೆ ಉಳಿದು ತುಕ್ಕಿಗೆ ದಾರಿ ಮಾಡುತ್ತದೆ. ಹೊಸ ಬ್ಲೇಡೇ ವಾಸಿ. ಅರಿಸಿನದ ಕೊಂಬು, ಒಣಶುಂಠಿಯನ್ನು ಕುಟ್ಟಣಿಗೆಯಲ್ಲಿ ಜಜ್ಜಿ ಹಾಕಿದರೆ ಅದು ಬೇಗ ಮೊಂಡಾಗುವುದೂ ಇಲ್ಲ. ಸಾರಿನ ಪುಡಿಗೆ ಹುರಿದದ್ದು ಪೂರ್ತಿ ಆರಿದ ಮೇಲೆಯೇ ಜಾರಿಗೆ ಬೀಳಲಿ, ಬಿಸಿಯಲ್ಲಿ ಹಾಕಿದರೆ ಹಬೆ ಕಟ್ಟಿ ಪುಡಿ ಗಂಟಾಗುತ್ತದೆ.